ಜೂನ್ ಮೊದಲ ವಾರ ಬಿಟ್ಟುಹೋದದ್ದು

ಥೋರ್‌ಬಿ, ಲಿಂಕನ್‌ಶೈರ್
ಏಪ್ರಿಲ್ 9, 1978

ಪ್ರೀತಿಯ ಹೆಸ್ಟರ್,

ಇದರ ಜೊತೆ ಅಂಕಣದ ಮೂರು ಕಂತುಗಳಿವೆ. ಎಂದಿನಂತೆ ಟೈಪ್ ಮಾಡಿ ನೇರ ಪತ್ರಿಕೆಯ ಕಚೇರಿಗೆ ಕಳಿಸಿಬಿಡು. ನನ್ನ ಕೈಬರಹ ಓದಿದರೆ ಹೊಸ ಸಂಪಾದಕಿ ಮಿಸ್ ಪ್ರಿಡೋಗೆ ತಲೆನೋವು ಬರುತ್ತದಂತೆ. ಇದೇ ಕೈಬರಹದಲ್ಲಿ ಮೂವತ್ತೊಂದು ವರ್ಷ ಈ ಊರಿನ ಸ್ಟೇಷನ್ ಮಾಸ್ತರಿಕೆ ಮಾಡಿದ್ದೇನೆ, ಎರಡು ರೈಲು ಮುಖಾಮುಖಿಯಾದದ್ದು ಒಮ್ಮೆಯೂ ಇಲ್ಲ.

ಆ ಹುಡುಗಿ ಮೊನ್ನೆ ಮನೆಗೇ ಬಂದಿದ್ದಳು. ಇಪ್ಪತ್ತಾರು ವರ್ಷ, ಸೈಕಲ್ಲು, ಕೈಯಲ್ಲೊಂದು ಕಡತ. ಕೂತವಳೇ ಶುರು ಮಾಡಿದಳು.

"ಥರ್ಲೋ ಅವರೇ, ನಾಲ್ಕು ವರ್ಷದ ಹಳೇ ಸಂಚಿಕೆ ಎಲ್ಲಾ ತೆಗೆದು ನೋಡ್ದೆ. ನಿಮ್ಮ 'ಈ ವಾರ, ಆ ವರ್ಷ' ಅಂಕಣದಲ್ಲಿ ಜೂನ್ ಮೊದಲನೇ ವಾರ ನಾಲ್ಕು ಸಲ ಬಂದಿದೆ. ಆನ್ ಬೊಲಿನ್‌ಗೆ ಕಿರೀಟ ಇಟ್ಟಿದ್ದು ಇದೆ, ಡನ್ಕರ್ಕ್ ಇದೆ, ನಾರ್ಮಂಡಿ ಇದೆ. ರಾಣಿಯ ಪಟ್ಟಾಭಿಷೇಕದ ದಿನ ನಮ್ಮೂರ ಗೋಪುರದಲ್ಲಿ ಘಂಟೆ ಹೊಡೆದಿದ್ದು ಮಾತ್ರ ಒಂದ್ಸಲಾನೂ ಇಲ್ಲ. ಹೊಡೆಸಿದೋರು ನೀವೇ ಅಲ್ವಾ?"

ಹೌದು ಎಂದೆ. ಈ ಜೂನ್ ಎರಡಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ, ಗೋಪುರದಲ್ಲಿರುವ ಚಿನ್ನದಕ್ಷರದ ಹಲಗೆಯ ಫೋಟೋ ತೆಗೆಸಿ ಮುಖಪುಟಕ್ಕೇ ಹಾಕುತ್ತೇನೆ, ನೀವು ಬರೆಯಿರಿ ಎಂದಳು. ಅವಳಿಗೆ ಘಂಟೆಯ ವಿಷಯ ಏನೇನೂ ಗೊತ್ತಿಲ್ಲ, ಕುಳ್ಳಿರಿಸಿಕೊಂಡು ಹೇಳಿದೆ. ಎಂಟು ಘಂಟೆ, ಎಂಟು ಜನ. ಎಂಟೂ ಒಂದರ ಹಿಂದೊಂದು ಒಂದೊಂದು ಸಲ ಹೊಡೆದರೆ ಒಂದು ಸಾಲು. ದೊಡ್ಡ ಘಂಟೆ ಯಾವಾಗಲೂ ಸಾಲಿನ ಕೊನೆಗೆ. ಉಳಿದ ಏಳನ್ನು ಎಷ್ಟು ಬೇರೆ ಬೇರೆ ಕ್ರಮದಲ್ಲಿ ಹೊಡೆಯಬಹುದೋ ಅಷ್ಟನ್ನೂ ಹೊಡೆಯಬೇಕು. ಐದು ಸಾವಿರದ ನಲವತ್ತು ಸಾಲು, ಮೂರು ಗಂಟೆ ಹೊತ್ತು, ಇದೇ ಒಂದು ದೊಡ್ಡ ಸುತ್ತು. ಒಂದು ಸಾಲೂ ಎರಡನೇ ಸಲ ಬರಕೂಡದು, ಒಂದೂ ಬಿಟ್ಟುಹೋಗಕೂಡದು. ಕಾಗದ ನೋಡುವಂತಿಲ್ಲ, ಹಗ್ಗ ಕೈ ಬದಲಾಯಿಸುವಂತಿಲ್ಲ. ಒಬ್ಬ ಮಾತ್ರ ಹಗ್ಗ ಎಳೆಯುತ್ತಲೇ ಕೂಗಿ ದಾರಿ ತೋರಿಸುತ್ತಾನೆ. ಅವನು ಕರೆಗಾರ.

"ತಪ್ಪಾದ್ರೆ?"

"ಕರೆಗಾರ 'ನಿಲ್ಲಿ' ಅಂತಾನೆ. ಎಲ್ಲರೂ ನಿಲ್ಲಿಸಿ ಮನೆಗೆ ಹೋಗೋದು."

"ಎರಡೂವರೆ ಗಂಟೆ ಹೊಡೆದ ಮೇಲೂ?"

"ಕೊನೇ ನಿಮಿಷದಲ್ಲಾದ್ರೂ."

"ಅಯ್ಯೋ ದೇವರೇ, ಎಂಥ ಜನ ರೀ ನೀವು!" ಎಂದು ನಕ್ಕಳು.

ನೋಡೋಣ ಎಂದು ಹೇಳಿ ಕಳಿಸಿದ್ದೇನೆ. ಆ ವಾರಕ್ಕೆ ನನ್ನ ಬಳಿ ಬೇಕಾದಷ್ಟು ಸರಕಿದೆ. 1794ರ ಜೂನ್ ಒಂದರ ಕಡಲ ಕಾಳಗವೊಂದೇ ಸಾಕು. ನಾವು ಗೆದ್ದೆವು ಎಂದು ನಾವು ಘಂಟೆ ಹೊಡೆದೆವು, ನಾವು ಗೆದ್ದೆವು ಎಂದು ಫ್ರೆಂಚರೂ ಹಬ್ಬ ಮಾಡಿದರು.

ಅಳಿಯ ಡೆನಿಸ್‌ಗೆ ನನ್ನ ನೆನಪು ಹೇಳು.

ನಿನ್ನ ಅಪ್ಪ,
ಆಂಬ್ರೋಸ್ ಥರ್ಲೋ


ಶೆಫೀಲ್ಡ್
ಏಪ್ರಿಲ್ 16

ಪ್ರೀತಿಯ ಅಪ್ಪ,

ಮೂರೂ ಕಂತು ಟೈಪಾಗಿ ಹೋಗಿವೆ. ನೀನು "ಶೂರ" ಎಂದು ಬರೆದದ್ದನ್ನು ನಾಲ್ಕು ಕಡೆ ತೆಗೆದಿದ್ದೇನೆ. ಒಂದೇ ವಾರದಲ್ಲಿ ಐದು ಜನ ಶೂರರು ಜಾಸ್ತಿಯಾಯಿತು.

ಈ ವಾರ ನನಗೆ ಉಸಿರಾಡಲು ಪುರುಸೊತ್ತಿಲ್ಲ. ಕಾರು ಕಲಿಯಲು ಹೊಸದಾಗಿ ಆರು ಜನ ಬಂದಿದ್ದಾರೆ. ಅವರಲ್ಲೊಬ್ಬ ಪಾದ್ರಿ. ಅಡ್ಡರಸ್ತೆ ಬಂದಾಗ ಕಣ್ಣು ಮುಚ್ಚುತ್ತಾನೆ. "ಫಾದರ್, ಪ್ರಾರ್ಥನೆ ಆಮೇಲೆ ಮಾಡಿ, ಈಗ ಬ್ರೇಕ್ ಒತ್ತಿ" ಅಂದೆ.

ಈಗ ಮುಖ್ಯ ವಿಷಯ. ಮಿಸ್ ಪ್ರಿಡೋ ಬುದ್ಧಿವಂತೆ. ಅವಳು ಕಡತ ತೆಗೆದು ಕಂಡುಹಿಡಿದದ್ದನ್ನು ನಾನು ನಾಲ್ಕು ವರ್ಷದಿಂದ ಟೈಪ್ ಮಾಡುತ್ತ ನೋಡಿದ್ದೇನೆ. ಪ್ರತಿ ವರ್ಷ ಜೂನ್ ಒಂದರಿಂದ ಮೂರಕ್ಕೆ ಹಾರುತ್ತೀ. ಬೆಕೆಟ್‌ಗೆ 1162ರಲ್ಲಿ ಆರ್ಚ್‌ಬಿಷಪ್ ಪಟ್ಟ ಕಟ್ಟಿದ್ದು ನೆನಪಿದೆ, ನಿನ್ನ ಜೀವನದ ಅತಿ ದೊಡ್ಡ ದಿನ ನೆನಪಿಲ್ಲ! ಯಾಕೆಂದು ನನಗೆ ಗೊತ್ತು ಅಪ್ಪ. ನನಗಾಗಿ. ಅದು ಸಾಕಿನ್ನು, ಹೇಳಿಬಿಡೋಣ.

ಆವತ್ತು ಮೂರನೆಯ ಘಂಟೆ ನನ್ನ ಕೈಯಲ್ಲಿತ್ತು. ನನಗೆ ಹತ್ತೊಂಬತ್ತು, ಅದೇ ನನ್ನ ಮೊದಲ ದೊಡ್ಡ ಸುತ್ತು. ಹೊರಗೆ ಧೋ ಎಂದು ಮಳೆ, ಚೌಕದ ಡೇರೆಗಳ ಕೆಳಗೆ ಇಡೀ ಊರು. ಎರಡು ಗಂಟೆ ದಾಟಿದ ಮೇಲೆ ನಾನು ಎಡವಿದೆ. ಐದನೆಯದರ ಜೊತೆ ಜಾಗ ಅದಲುಬದಲಾಗಿಹೋಯಿತು. "ಹೆಸ್ಟರ್, ಐದರ ಹಿಂದೆ!" ಎಂದು ನೀನು ಕೂಗಿದೆ. ಹೋದೆ. ಆದರೆ ಅಲ್ಲಿಂದ ಮುಂದೆ ಯಾವುದೂ ಮೊದಲಿನ ಹಾಗೆ ಇರಲಿಲ್ಲ, ನನ್ನ ಕಿವಿಗೇ ತಿಳಿಯುತ್ತಿತ್ತು. ಆದರೂ ನೀನು ನಿಲ್ಲಿಸಲಿಲ್ಲ. ಮುಗಿದಾಗ ಎಲ್ಲರೂ ತಬ್ಬಿಕೊಂಡರು. ಸುತ್ತುಮೆಟ್ಟಿಲು ಇಳಿಯುತ್ತ ನಾನು ಕೇಳಿದೆ, "ಅಪ್ಪಾ, ನನ್ನಿಂದ ಕೆಟ್ಟೋಯ್ತಾ?" ನೀನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಆಗಿದ್ದು ಆಯ್ತು. ಯಾರಿಗೂ ಹೇಳ್ಬೇಡ."

ಆಮೇಲೆ ಆ ಸುಳ್ಳು ಸುತ್ತಿನ ನೆನಪಿಗೆ ಚಿನ್ನದಕ್ಷರದ ಹಲಗೆ ಬಂತು, ಅದರಲ್ಲಿ ನನ್ನ ಹೆಸರು. ಸೆಪ್ಟೆಂಬರಿನಲ್ಲಿ ನಾನು ಶೆಫೀಲ್ಡಿಗೆ ಬಂದೆ. ಕ್ರಿಸ್‌ಮಸ್‌ಗೆ ಊರಿಗೆ ಬಂದಾಗಲೆಲ್ಲ ಮಂಡಿನೋವು ಎಂದು ಹೇಳಿ ಗೋಪುರ ಹತ್ತದೆ ಉಳಿಯುತ್ತಿದ್ದೆನಲ್ಲ, ನನ್ನ ಮಂಡಿ ಚೆನ್ನಾಗಿಯೇ ಇದೆ. ಇಲ್ಲಿ ನೂರಾರು ಸುತ್ತು ಹೊಡೆದಿದ್ದೇನೆ, ಹನ್ನೆರಡು ವರ್ಷದಿಂದ ಕರೆಗಾರ್ತಿ. ಎಷ್ಟು ಸಲ ನಡುವೆ ನಿಲ್ಲಿಸಿದ್ದೇನೆಂದರೆ, ಇಲ್ಲಿಯವರು ನನ್ನನ್ನು "ನಿಲ್ಲಿ-ಹೆಸ್ಟರ್" ಎಂದೇ ಕರೆಯುತ್ತಾರೆ. ಹೋದ ವರ್ಷ ಹತ್ತು ನಿಮಿಷ ಉಳಿದಿರುವಾಗ ನಿಲ್ಲಿಸಿದೆ, ಒಬ್ಬ ಅತ್ತೇಬಿಟ್ಟ.

ಆದ್ದರಿಂದ ಬರೆದುಬಿಡು. ತಪ್ಪು ಹೆಸ್ಟರಳದು ಎಂದು ಹೆಸರು ಹಿಡಿದೇ ಬರೆ. ನನಗೆ ನಲವತ್ತನಾಲ್ಕು, ತಡೆದುಕೊಳ್ಳುತ್ತೇನೆ. ನನ್ನ ಮಾನ ಕಾಯುತ್ತ ನೀನು ಎಷ್ಟು ವರ್ಷ ಬಾಯಿ ಕಟ್ಟಿಕೊಂಡಿರುತ್ತೀ?

ನಿನ್ನ
ಹೆಸ್ಟರ್


ಥೋರ್‌ಬಿ
ಏಪ್ರಿಲ್ 24

ಪ್ರೀತಿಯ ಹೆಸ್ಟರ್,

ಮೇ ತಿಂಗಳ ಎರಡು ಕಂತು ಇದರೊಳಗಿವೆ. ಹಿತ್ತಲಿನ ರೂಬಾರ್ಬ್ ಗಿಡ ಈ ವರ್ಷ ಚೆನ್ನಾಗಿ ಬಂದಿದೆ. ಮೇ ಒಂದಕ್ಕೆ ಸರ್ಕಾರದವರು ಹೊಸ ರಜೆ ಕೊಟ್ಟಿದ್ದಾರೆ, ನನ್ನಂಥ ನಿವೃತ್ತನಿಗೆ ಅದರಿಂದೇನು ಲಾಭವೋ ತಿಳಿಯದು.

ನಿನ್ನ ಪತ್ರ ಬಂತು. ಅದಕ್ಕೆ ಆಮೇಲೆ ಬರೆಯುತ್ತೇನೆ.

ಅಪ್ಪ


ಥೋರ್‌ಬಿ
ಮೇ 7

ಹೆಸ್ಟರ್,

ಈ ಪತ್ರವನ್ನು ಆರು ಸಲ ಬರೆದು ಆರು ಸಲ ಒಲೆಗೆ ಹಾಕಿದ್ದೇನೆ. ಇದನ್ನು ಬರೆದ ಕೂಡಲೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ, ತಿರುಗಿ ಓದುವುದಿಲ್ಲ.

ತಪ್ಪು ನಿನ್ನದಲ್ಲ, ನನ್ನದು.

ಎರಡು ಗಂಟೆ ದಾಟಿದ ಮೇಲೆ ಒಂದು ಕಡೆ ನಾನು "ಬಾಬ್" ಎಂದು ಕೂಗಬೇಕಿತ್ತು. ಆ ಕೂಗು ಕೇಳಿದರೆ ಘಂಟೆಗಳು ದಾರಿ ಬದಲಿಸುತ್ತವೆ, ನಿನಗೆ ನಾನು ಹೇಳಬೇಕಿಲ್ಲ. ನಾನು ಒಂದು ಸಾಲು ತಡವಾಗಿ ಕೂಗಿದೆ. ಅಷ್ಟರಲ್ಲಿ ನೀನು ಸರಿಯಾದ ದಾರಿಯಲ್ಲಿ ಹೊರಟಾಗಿತ್ತು, ಕೂಗು ಕೇಳಿ ಗಾಬರಿಯಾಗಿ ತಿರುಗಿದೆ. ಎಡವದೆ ಇನ್ನೇನು ಮಾಡುತ್ತೀ? ನಾನು ಕೂಡಲೇ ನಿನ್ನ ಹೆಸರು ಹಿಡಿದು ಕೂಗಿದೆ. ಕೋಣೆಯಲ್ಲಿದ್ದವರೆಲ್ಲ ಹುಡುಗಿ ಎಡವಿದಳು, ಅಪ್ಪ ಸರಿಮಾಡಿದ ಎಂದುಕೊಂಡರು. ಹಾಗೆಂದುಕೊಳ್ಳಲಿ ಎಂದೇ ಕೂಗಿದೆನೋ ಏನೋ, ಅದನ್ನು ಇವತ್ತಿಗೂ ನನಗೆ ನಾನೇ ಕೇಳಿಕೊಳ್ಳಲು ಭಯ. ಅಲ್ಲಿಂದ ಮುಂದೆ ನಾನು ಕೂಗಿದ್ದೆಲ್ಲ ಅಲ್ಲಲ್ಲೇ ಕಟ್ಟಿದ ಕಟ್ಟುಕಥೆ. ಹೇಗಾದರೂ ಮಾಡಿ ಏಳೂ ಘಂಟೆಗಳನ್ನು ಸಮಯಕ್ಕೆ ಸರಿಯಾಗಿ ಶುರುವಿನ ಕ್ರಮಕ್ಕೆ ತಂದು ಸೇರಿಸಿದೆ. ಕೆಲವು ಸಾಲು ಎರಡು ಸಲ ಬಂದವು, ಕೆಲವು ಬರಲೇ ಇಲ್ಲ. ನಿಲ್ಲಿ ಎಂದು ಹೇಳಬೇಕಾದವನು ನಾನೊಬ್ಬನೇ, ಹೇಳಲಿಲ್ಲ.

ತಡವಾಗಿ ಯಾಕೆ ಕೂಗಿದೆ ಗೊತ್ತೇ? ಮುಂದೆ ಬರೆಸುವ ಹಲಗೆಯ ಮೇಲೆ ನನ್ನ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿರಬೇಕು ಎಂದು ಯೋಚಿಸುತ್ತಿದ್ದೆ. ಇದಕ್ಕಿಂತ ನಾಚಿಕೆಗೇಡಿನ ಕಾರಣ ನನಗೆ ತಿಳಿಯದು. ಚಳಿಗೆ ಕೈ ಮರಗಟ್ಟಿತ್ತು, ಹಗ್ಗ ಜಾರಿತು, ಏನಾದರೂ ಹೇಳಬಹುದಿತ್ತು, ಆದರೆ ಆದದ್ದು ಇದು.

ನೀನು ಮೆಟ್ಟಿಲ ಮೇಲೆ ಕೇಳಿದಾಗ "ಇಲ್ಲ ಕಣೇ, ನಾನೇ ಕೆಡಿಸಿದೆ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಕೆಳಗೆ ಚಪ್ಪಾಳೆ ಶುರುವಾಗಿತ್ತು. ನಾನು ಟೋಪಿ ತೆಗೆದು ಕೈಬೀಸಿದೆ. ನೀನು ಇದನ್ನು ಇಷ್ಟು ವರ್ಷ ಹೊತ್ತುಕೊಂಡಿರುತ್ತೀ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಅರ್ಧ ನಿಜ. ಗೋಪುರ ಹತ್ತಲು ನೀನು ಒಪ್ಪದಿದ್ದಾಗಲೆಲ್ಲ ಅನುಮಾನ ಬರುತ್ತಿತ್ತು. ಕೇಳಿದರೆ ಹೇಳಬೇಕಾಗುತ್ತದೆ ಎಂದು ಕೇಳಲಿಲ್ಲ. ನಿನ್ನ ಅಮ್ಮನಿಗೂ ಹೇಳದೆ ಅವಳನ್ನು ಮಣ್ಣು ಮಾಡಿ ಬಂದೆ.

ಅಪ್ಪ


ಶೆಫೀಲ್ಡ್
ಮೇ 10

ಅಪ್ಪ,

ಇವತ್ತು ಬೆಳಗಿನ ಪಾಠಗಳನ್ನೆಲ್ಲ ರದ್ದು ಮಾಡಿದೆ. ರಸ್ತೆಯ ಮೇಲೆ ಗಮನ ನಿಲ್ಲದಿರುವಾಗ ಬೇರೆಯವರಿಗೆ ಕಾರು ಕಲಿಸಬಾರದು.

ಇಪ್ಪತ್ತೈದು ವರ್ಷ. ನನಗೆ ಸಿಟ್ಟು ಬಂದಿದೆ, ಅದನ್ನು ಸುತ್ತಿಬಳಸಿ ಹೇಳುವ ಮನಸ್ಸಿಲ್ಲ. ನೀನು ತಪ್ಪಿದ್ದಕ್ಕಲ್ಲ, ಎಲ್ಲರೂ ತಪ್ಪುತ್ತಾರೆ. ಮಗು ಕೇಳಿದಾಗ ಬಾಯಿ ಮುಚ್ಚಿಸಿದೆಯಲ್ಲ, ಅದಕ್ಕೆ. ನಾನು ನಿನ್ನನ್ನು ದೇವರೆಂದುಕೊಂಡಿದ್ದೆ ಅಪ್ಪ. ಮಗಳಿಗಾಗಿ ತನ್ನ ನಿಯಮವನ್ನೇ ಮುರಿದ ಮನುಷ್ಯ ಎಂದು ಡೆನಿಸ್ ಹತ್ತಿರ ಎಷ್ಟು ಸಲ ಹೊಗಳಿದ್ದೇನೋ ಲೆಕ್ಕವಿಲ್ಲ. ನಿನ್ನೆ ಪತ್ರ ಓದಿ ಅವನು "ಸದ್ಯ, ಈಗ್ಲಾದ್ರೂ ಬಾಯಿಬಿಟ್ಟನಲ್ಲ ಮುದುಕ" ಎಂದ. ಅವನ ಮೇಲೂ ರೇಗಿದೆ.

ನನಗೊಬ್ಬಳಿಗೆ ಹೇಳಿದರೆ ಸಾಲದು. ಆ ಹಲಗೆಯ ಮೇಲೆ ಎಂಟು ಹೆಸರಿವೆ. ಐವರು ಈಗಿಲ್ಲ. ನೀನು, ನಾನು ಬಿಟ್ಟರೆ ಉಳಿದವನು ಸಿರಿಲ್ ಮಾವರ್. ಮೊದಲು ಅವನ ಮನೆಗೆ ಹೋಗಿ ಹೇಳು. ಆಮೇಲೆ ಅಂಕಣದಲ್ಲಿ ಬರೆ. ಜೂನ್ ಎರಡು ಶುಕ್ರವಾರವೇ ಬರುತ್ತದೆ, ಪತ್ರಿಕೆಯ ದಿನವೇ. ಇನ್ನೊಂದು ವರ್ಷ ಹಾರಲು ನಾನು ಬಿಡುವುದಿಲ್ಲ.

ಹೆಸ್ಟರ್


ಥೋರ್‌ಬಿ
ಮೇ 18

ಪ್ರೀತಿಯ ಹೆಸ್ಟರ್,

ಸಿರಿಲ್ ಹತ್ತಿರ ಹೋಗಿದ್ದೆ. ಅಂಗಡಿಯಲ್ಲಿ ಕುರಿಯ ತೊಡೆ ಕಡಿಯುತ್ತಿದ್ದ. ಅರವತ್ತೊಂಬತ್ತಾದರೂ ಅಂಗಡಿಯನ್ನು ಮಗನ ಕೈಗೆ ಬಿಟ್ಟಿಲ್ಲ. ಗಿರಾಕಿಗಳು ಹೋಗುವತನಕ ಕಾದು ಹೇಳಿದೆ. ಕತ್ತಿ ಮೇಲೆತ್ತಿದ್ದವನು ಹಾಗೇ ನಿಂತ.

"ಅಂದ್ರೆ, ಮುಕ್ಕಾಲು ಟನ್ನಿನ ಘಂಟೇನ ಮೂರು ಗಂಟೆ ಎಂಟು ನಿಮಿಷ ಎಳೆದಿದ್ದು ದಂಡ ಅಂತೀಯ?"

"ದಂಡ."

"ನನ್ನ ಮೊಮ್ಮಕ್ಕಳನ್ನೆಲ್ಲಾ ಕರ್ಕೊಂಡೋಗಿ ಹಲಗೆ ತೋರ್ಸಿದೀನಲ್ಲೋ ಮಾರಾಯ!"

"ಗೊತ್ತು."

"ಆ ಹುಡುಗಿ ಎಡವಿದ್ಲು ಅಂತ ನಾನೂ ಅಂದ್ಕೊಂಡಿದ್ನಲ್ಲೋ. ಪಾಪ, ಅವಳ ಮದುವೇಲೂ ಅದನ್ನೇ ಹೇಳಿ ನಗಾಡ್ದೆ." ಆಮೇಲೆ ಕತ್ತಿ ಕೆಳಗಿಟ್ಟು, "ಈಗ ಹೋಗು ಇಲ್ಲಿಂದ" ಎಂದ.

ಐದು ದಿನ ಮಾತಿಲ್ಲ. ಮೊನ್ನೆ ತಾನೇ ಬಂದು ಬಾಗಿಲು ಬಡಿದ. ಒಳಗೆ ಬಾ ಎಂದರೂ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಹೇಳಿದ. "ಜೂನ್ ಮೂರು ಶನಿವಾರ. ಇನ್ನೊಂದ್ಸಲ ಹೊಡಿಯೋಣ. ಈ ಸಲ ನಿಜವಾದ್ದು. ನಾನು ಸಾಯೋಕ್ ಮುಂಚೆ ಒಂದಾದ್ರೂ ನಿಜವಾದ್ದು ಬೇಕು. ಆದ್ರೆ ಕರೆ ನೀನ್ ಕೊಡ್ಬೇಡ. ಹೆಸ್ಟರ್ ಕೊಡ್ಲಿ." ನಾನು ಐದನೆಯ ಘಂಟೆ ಹಿಡಿಯುತ್ತೇನೆ ಎಂದಿದ್ದೇನೆ. ಊರಲ್ಲಿ ಇಬ್ಬರು ಸಿಗುತ್ತಾರೆ. ಉಳಿದ ಮೂವರನ್ನು ನೀನು ನಿನ್ನ ಕಡೆಯಿಂದ ಕರೆತರಬೇಕು. ಬರುತ್ತೀಯಾ?

ಅಂಕಣ ಇದರೊಳಗಿದೆ. ಜೂನ್ ಎರಡರ ಭಾಗ ಹೀಗಿದೆ: "1953: ಮಹಾರಾಣಿಯವರ ಪಟ್ಟಾಭಿಷೇಕ. ಎವರೆಸ್ಟ್ ಹತ್ತಿದ ಸುದ್ದಿ ಅದೇ ಬೆಳಿಗ್ಗೆ ಬಂತು. ಥೋರ್‌ಬಿಯ ಗೋಪುರದಲ್ಲಿ ಮೂರು ಗಂಟೆ ಎಂಟು ನಿಮಿಷ ಘಂಟೆ ಬಾರಿಸಲಾಯಿತು. ಆ ಸುತ್ತಿನಲ್ಲಿ ದೋಷವೊಂದು ನುಸುಳಿದ್ದರಿಂದ ಅದನ್ನು ಪೂರ್ಣವೆಂದು ಪರಿಗಣಿಸುವಂತಿಲ್ಲ ಎಂದು ಈಗ ತಿಳಿದುಬಂದಿದೆ."

ಸರಿಯಾಗಿದೆ ತಾನೆ?

ನಿನ್ನ ಅಪ್ಪ,
ಆಂಬ್ರೋಸ್ ಥರ್ಲೋ


ಮಾವರ್ ಮಾಂಸದಂಗಡಿ, ಥೋರ್‌ಬಿ
ಮೇ 20

ಹೆಸ್ಟರಮ್ಮಾ,

ನನಗೆ ಪತ್ರ ಬರೆಯೋದು ಬರಲ್ಲ, ಕಾರ್ಡೇ ಸಾಕು. ನಿಮ್ಮಪ್ಪ ಬಂದು ಎಲ್ಲಾ ಹೇಳಿದ. ಕೈಯಲ್ಲಿ ಕತ್ತಿ ಇತ್ತು, ಅವನ ಪುಣ್ಯ ಚೆನ್ನಾಗಿತ್ತು. ನಿನ್ನ ಮದುವೇಲಿ ನಾನು ಆಡಿದ ಮಾತು ವಾಪಸ್ ತಗೊಂಡಿದೀನಿ. ಬಂದು ಕರೆ ಕೊಡು. ಅವನಿಗೆ ಎಪ್ಪತ್ಮೂರು, ನನಗೂ ಬೆನ್ನು ಬಾಗ್ತಾ ಇದೆ, ಮುಂದಿನ ವರ್ಷ ಅಂತ ಇಟ್ಕೋಬೇಡ. ಹಂದಿಮಾಂಸದ ಪೈ ನಂದು.

ಸಿ. ಮಾವರ್


ಶೆಫೀಲ್ಡ್
ಮೇ 23

ಅಪ್ಪ,

ದೋಷ ನುಸುಳಿತಂತೆ! ಬಾಗಿಲ ಸಂದಿಯಲ್ಲಿ ನುಸುಳಲು ಅದೇನು ಇಲಿಯೇ? ತಿಳಿದುಬಂದಿದೆಯಂತೆ! ಯಾರಿಗೆ, ಯಾರಿಂದ? ರೈಲ್ವೆಯವರು ರೈಲು ತಡವಾದಾಗ ಬೋರ್ಡಿನ ಮೇಲೆ ಹಾಕುವ ಮಾತು ಇದು. ನಾನು ಇಪ್ಪತ್ತೈದು ವರ್ಷ "ನನ್ನಿಂದ ಕೆಟ್ಟಿತು" ಎಂದುಕೊಂಡೇ ಬದುಕಿದೆ, ನನ್ನ ಮಟ್ಟಿಗೆ ಅದು ಯಾವತ್ತೂ ನುಸುಳಿರಲಿಲ್ಲ. ನಾನು ಇದನ್ನು ಟೈಪ್ ಮಾಡುವುದಿಲ್ಲ. ಕಾಗದ ವಾಪಸ್ಸು ಕಳಿಸುತ್ತಿದ್ದೇನೆ. "ನಾನು" ಎಂಬ ಮಾತನ್ನು ಅದರಲ್ಲಿ ಹಾಕಿ ಕಳಿಸು. ಇಲ್ಲವೇ ನಿನ್ನ ಕೈಬರಹದಲ್ಲೇ ಮಿಸ್ ಪ್ರಿಡೋಗೆ ಕೊಡು, ಅವಳ ತಲೆನೋವು ಅವಳಿಗೆ.

ಶನಿವಾರ ಬರುತ್ತೇನೆ. ನಿನಗಾಗಿ ಎಂದುಕೊಳ್ಳಬೇಡ, ಸಿರಿಲ್‌ಗಾಗಿ. ಜೊತೆಗೆ ಮೂವರು ಬರುತ್ತಾರೆ. ಮೂರನೆಯ ಘಂಟೆಗೆ ರೋವೆನಾ ಎಂಬ ಹುಡುಗಿ, ಇಪ್ಪತ್ತು ವರ್ಷ, ಅವಳಿಗಿದು ಮೊದಲ ದೊಡ್ಡ ಸುತ್ತು. ಚೆನ್ನಾಗಿ ಹೊಡೆಯುತ್ತಾಳೆ, ಆದರೆ ಗಾಬರಿ ಜಾಸ್ತಿ. ಅವಳ ಮುಂದೆ ನಿನ್ನ ಮೂವತ್ತೊಂದು ವರ್ಷದ ಪ್ರತಾಪ ಕೊಚ್ಚಿಕೊಳ್ಳಬೇಡ.

ಇನ್ನೊಂದು ಮಾತು. ಆವತ್ತು ಕರೆ ನನ್ನದು. ಯಾರು ತಪ್ಪಿದರೂ ನಿಲ್ಲಿಸುತ್ತೇನೆ. ನನ್ನ ಮುಖ ನೋಡಿ ದಯೆ ಬೇಡುವವರು ಈಗಲೇ ಹೇಳಿ.

ಹೆಸ್ಟರ್


ಥೋರ್‌ಬಿ
ಜೂನ್ 6

ಪ್ರೀತಿಯ ಹೆಸ್ಟರ್,

ಶನಿವಾರ ನಿನ್ನ ಬಸ್ಸು ಹೊರಡುವತನಕ ನಾವಿಬ್ಬರೂ ಪೈ ಚೆನ್ನಾಗಿತ್ತು, ಮಳೆ ಬರಲಿಲ್ಲ ಎಂದೇ ಮಾತಾಡಿದೆವು. ನಮ್ಮ ವಂಶವೇ ಹಾಗೆ, ಎದುರಿಗಿದ್ದಾಗ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಪತ್ರಿಕೆಯ ವಿಷಯ. ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತಿದ್ದೂ ಕೈಬರಹದಲ್ಲೇ ಕೊಟ್ಟೆ. ಕೂತು "ನಾನು" ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಕೊನೆಗೆ ದೋಷ ನುಸುಳಿದ ಹಾಗೆಯೇ ಶುಕ್ರವಾರ ಅಚ್ಚಾಯಿತು. ಬೇಕರಿಯ ಹೆಂಗಸು ಓದಿ, "ಘಂಟೆ ಸದ್ದು ಕೇಳಿಸ್ತಲ್ಲ, ಸಾಕ್ ಬಿಡಿ. ಅಷ್ಟಕ್ಕೆಲ್ಲ ಯಾರು ತಲೆ ಕೆಡಿಸ್ಕೋತಾರೆ?" ಎಂದಳು. ನನಗೆ ಎಷ್ಟು ಹಾಯೆನಿಸಿತು ಎಂದರೆ ನಾಚಿಕೆಯಾಗುತ್ತದೆ. ತಪ್ಪಿಸಿಕೊಂಡೆ ಎಂದುಕೊಂಡೇ ಮಾರನೆಯ ದಿನ ಗೋಪುರ ಹತ್ತಿದೆ.

ನೀನು ಮೊದಲ ಸಲ ಬಾಯಿ ತೆರೆದು "ಬಾಬ್" ಎಂದಾಗ ನನ್ನ ಮೈ ಜುಮ್ಮೆಂದಿತು. ಇಷ್ಟು ಖಚಿತವಾದ ಕರೆ ಆ ಕೋಣೆಯಲ್ಲಿ ನಾನು ಕೇಳಿರಲಿಲ್ಲ, ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ. ಇಂಥವಳನ್ನು ಇಷ್ಟು ವರ್ಷ ಈ ಗೋಪುರದಿಂದ ಹೊರಗಿಟ್ಟವನು ನಾನೇ ಎಂದುಕೊಳ್ಳುತ್ತಲೇ ಹಗ್ಗ ಎಳೆದೆ. ಒಂದು ಗಂಟೆಯಾಯಿತು, ಎರಡಾಯಿತು. ಸಿರಿಲ್ ಬೆವರಿನಲ್ಲಿ ಮಿಂದುಹೋಗಿದ್ದ, ಆದರೂ ಮುಖದಲ್ಲಿ ನಗು. ಎರಡೂವರೆ ದಾಟಿದಾಗ ಇದು ಮುಗಿದೇ ಮುಗಿಯುತ್ತದೆ ಎಂದು ನನಗೆ ಧೈರ್ಯ ಬಂತು.

ಎರಡು ಗಂಟೆ ಐವತ್ತೊಂದನೆಯ ನಿಮಿಷಕ್ಕೆ ನಾನು ಯಾರ ಹಿಂದೆ ಹೊಡೆಯಬೇಕೆಂಬುದೇ ಮರೆತುಹೋಯಿತು. ಹಲಗೆಯನ್ನೂ ನೆನೆಯುತ್ತಿರಲಿಲ್ಲ, ಹೆಸರನ್ನೂ ನೆನೆಯುತ್ತಿರಲಿಲ್ಲ. ವಯಸ್ಸಾಗಿದೆ, ಅಷ್ಟೇ. ರೋವೆನಾಳ ಜಾಗಕ್ಕೆ ನುಗ್ಗಿದೆ, ಆ ಮಗು ಹೆದರಿ ನನ್ನ ಜಾಗಕ್ಕೆ ಸರಿಯಿತು. ಎರಡು ಸಾಲು ಹಾಗೇ ಹೋದವು. ಕಿವಿಗೆ ಎಲ್ಲ ಸರಿಯಾಗಿಯೇ ಇತ್ತು, ಕೆಳಗಿನವರಿಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಇನ್ನು ಹನ್ನೆರಡು ನಿಮಿಷ. ನಾನು ನಿನ್ನ ಮುಖ ನೋಡಿದೆ. ಈಗ ಸತ್ಯ ಹೇಳುತ್ತೇನೆ ಹೆಸ್ಟರ್, ನೀನು ಸುಮ್ಮನಿದ್ದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನೀನು ಮೊದಲೇ ಎಚ್ಚರಿಸಿದ್ದರೂ ಬೇಡಿಕೊಂಡೆ. ಸಿರಿಲ್‌ಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ.

ನೀನೂ ನನ್ನನ್ನು ನೋಡಿದೆ. ಆಮೇಲೆ "ನಿಲ್ಲಿ!" ಎಂದೆ.

ಎಂಟೂ ಘಂಟೆಗಳು ನಿಂತವು. "ಹನ್ನೆರಡೇ ನಿಮಿಷ ಇತ್ತಲ್ಲೇ ಹುಡುಗಿ!" ಎಂದ ಸಿರಿಲ್. "ಇತ್ತು ಸಿರಿಲ್ ಮಾಮ" ಎಂದೆ ನೀನು, ಅಷ್ಟೇ. ರೋವೆನಾಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಕೇಳುವ ಮೊದಲೇ ನೀನು ಅವಳತ್ತ ತಿರುಗಿ ಹೇಳಿದೆ, "ನಿನ್ನದಲ್ಲ ಕಣೇ. ನೀನು ಸರಿಯಾಗೇ ಇದ್ದೆ. ತಪ್ಪಿದ್ದು ಐದನೇದು."

ಅಷ್ಟು ಹೇಳಲು ನಿನಗೆ ಎಷ್ಟು ಹೊತ್ತು ಹಿಡಿಯಿತು? ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಇಲ್ಲ. ನಾನು ಗೋಡೆಗೆ ಒರಗಿ ನಿಂತೆ. ನೀನು ಬೈಯಲಿಲ್ಲ, ಹಗ್ಗಗಳನ್ನು ಸುತ್ತಿ ಮೇಲೆ ಕಟ್ಟಲು ಶುರುಮಾಡಿದೆ. ನಾನು ಒಬ್ಬನೇ ಮೆಟ್ಟಿಲು ಇಳಿದೆ.

ಹಲಗೆಯನ್ನು ಭಾನುವಾರ ಸಿರಿಲ್ ಮತ್ತು ನಾನು ಇಳಿಸಿದೆವು. ಗೋಡೆಯ ಮೇಲೆ ಅದಿದ್ದ ಕಡೆ ಬೆಳ್ಳಗೆ ಕಾಣುತ್ತಿದೆ. "ಹಾಗೇ ಇರ್ಲಿ ಬಿಡು, ಯಾರಾದ್ರೂ ಕೇಳಿದ್ರೆ ಹೇಳೋಕಾಯ್ತು" ಎಂದ. ಅಕ್ಟೋಬರಿನಲ್ಲಿ ಮತ್ತೊಮ್ಮೆ ಹೊಡೆಯಬೇಕಂತೆ, ನನ್ನನ್ನು ಬಿಟ್ಟು. ನಾನು ಒಪ್ಪಿದ್ದೇನೆ. ರೋವೆನಾ ಬರಲೇಬೇಕು ಎಂದಿದ್ದಾನೆ.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ. ಶನಿವಾರ ನಾನು ಕೆಳಗೆ ಬಾಗಿಲು ತೆರೆದಾಗ ಚೌಕದ ತುಂಬ ಜನ. ಘಂಟೆ ನಿಂತಿತಲ್ಲ, ಮುಗಿಯಿತೆಂದುಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆಯಲು ಶುರುಮಾಡಿದರು. ಮಿಸ್ ಪ್ರಿಡೋ ಕ್ಯಾಮೆರಾದವನನ್ನು ಮುಂದೆ ತಳ್ಳುತ್ತಿದ್ದಳು. ನನ್ನ ಕೈ ತಾನಾಗಿಯೇ ಟೋಪಿಗೆ ಹೋಯಿತು. ಕೈಯನ್ನು ಹಾಗೇ ಕೆಳಗೆ ಇಳಿಸಿದೆ. ಸ್ಟೇಷನ್ನಿನಲ್ಲಿ ಕೂಗುತ್ತಿದ್ದ ದನಿ ಇನ್ನೂ ಇದೆ ನನಗೆ, ಅದನ್ನೇ ತೆಗೆದು ಹೇಳಿದೆ:

"ಚಪ್ಪಾಳೆ ಬೇಡ! ಪೂರ್ತಿ ಆಗಲಿಲ್ಲ. ನಾನು ತಪ್ಪಿದೆ, ನನ್ನ ಮಗಳು ನಿಲ್ಲಿಸಿದಳು. ಇಪ್ಪತ್ತೈದು ವರ್ಷದ ಹಿಂದೆ ಕೆಡಿಸಿದ್ದೂ ನಾನೇ. ಆವತ್ತು ನಿಲ್ಲಿಸೋ ಧೈರ್ಯ ನನಗಿರಲಿಲ್ಲ. ತಪ್ಪನ್ನ ಹತ್ತೊಂಬತ್ತು ವರ್ಷದ ಮಗಳ ಮೇಲೆ ಬಿಟ್ಟು ನಿಮ್ಮ ಚಪ್ಪಾಳೆ ತಗೊಂಡೆ. ಅವಳದೇನೂ ತಪ್ಪಿಲ್ಲ. ಇದನ್ನ ಪೇಪರ್‌ನಲ್ಲಿ ಹಾಕಿ."

ಬೇಕರಿಯ ಹೆಂಗಸು ನನ್ನ ಕೈಗೆ ಒಂದು ಕಪ್ ಟೀ ಕೊಟ್ಟಳು.

ನೀನು ಆಗ ಮೇಲೆ ಹಗ್ಗ ಕಟ್ಟುತ್ತಿದ್ದೆ. ನಿನಗೆ ಕೇಳಿಸಿರಲಿಕ್ಕಿಲ್ಲ.

ನಿನ್ನ ಅಪ್ಪ,
ಆಂಬ್ರೋಸ್ ಥರ್ಲೋ